ಬೆನ್ನುಮೂಳೆಯ ರೋಗಗಳಲ್ಲಿ ಅಂತರ್ದರ್ಶಕದ ಉಪಯೋಗ: ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

ನಮ್ಮ ಹಳ್ಳಿಗಳಲ್ಲಿ ಬೆನ್ನುನೋವನ್ನು ಅರಿಯದ ಮನೆಯಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ನಾಟಿ, ಕಳೆ, ಕೊಯ್ಲುಗಳ ಕಾಲದಲ್ಲಿ ಹೆಣ್ಣುಮಕ್ಕಳು ದಿನವಿಡೀ ಬಗ್ಗಿ ದುಡಿಯುತ್ತಾರೆ. ಗಂಡಸರು ಗೊಬ್ಬರದ ಮೂಟೆಗಳನ್ನೂ ಕಾಳಿನ ಚೀಲಗಳನ್ನೂ ಹೊರುತ್ತಾರೆ. ಸಂಜೆ ಮನೆ ಸೇರಿದಾಗ ಸೊಂಟ ಹಿಡಿದುಕೊಂಡು ಕುಳಿತರೆ ಅದನ್ನು ಯಾರೂ ರೋಗವೆಂದು ಎಣಿಸುವುದಿಲ್ಲ. ಬಿಸಿನೀರಿನ ಶಾಖ, ಎಣ್ಣೆಯ ತಿಕ್ಕುವಿಕೆ, ಒಂದು ರಾತ್ರಿಯ ನಿದ್ರೆ ಇಷ್ಟರಿಂದಲೇ ಬಹುಪಾಲು ನೋವುಗಳು ಕಡಿಮೆಯಾಗುತ್ತವೆ.

ಆದರೆ ನೋವು ತಿಂಗಳುಗಟ್ಟಲೆ ಉಳಿದು, ಸೊಂಟದಿಂದ ಕಾಲಿಗೆ ಇಳಿದು, "ಶಸ್ತ್ರಚಿಕಿತ್ಸೆ ಬೇಕಾಗಬಹುದು" ಎಂಬ ಮಾತು ವೈದ್ಯರಿಂದ ಬಂದಾಗ ಕುಟುಂಬದಲ್ಲಿ ಎರಡು ಬಗೆಯ ತಪ್ಪುಗಳು ನಡೆಯುವುದನ್ನು ನಾನು ಕಂಡಿದ್ದೇನೆ. ಮೊದಲನೆಯದು ಭಯ. "ಬೆನ್ನಿಗೆ ಕತ್ತಿ ಹಾಕಿಸಿದರೆ ಕಾಲು ಬಿದ್ದುಹೋಗುತ್ತದೆ" ಎಂದು ಹೆದರಿ, ಆಸ್ಪತ್ರೆಗೆ ಹೋಗಲೇಬೇಕಾದ ದಿನವನ್ನೂ ಮೀರಿ ಕಾಯುವವರಿದ್ದಾರೆ. ಎರಡನೆಯದು ಆತುರ. "ಸಣ್ಣ ರಂಧ್ರದ ಮೂಲಕ ಒಂದೇ ದಿನದಲ್ಲಿ ಗುಣ" ಎಂಬ ಪ್ರಚಾರವನ್ನು ನಂಬಿ, ಅಗತ್ಯವಿಲ್ಲದ ಚಿಕಿತ್ಸೆಗೆ ಜಮೀನು ಅಡವಿಡಲು ಹೊರಡುವವರಿದ್ದಾರೆ. ಈ ಎರಡೂ ತಪ್ಪುಗಳಿಂದ ದಂಪತಿಗಳು ಪಾರಾಗಬೇಕಾದರೆ, ಅಂತರ್ದರ್ಶಕವೆಂಬ ಉಪಕರಣವು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ತಿಳಿದುಕೊಳ್ಳುವುದು ಅವಶ್ಯಕ.

ಬೆನ್ನುಮೂಳೆಯ ರಚನೆ

ಬೆನ್ನುಮೂಳೆಯು ಒಂದೇ ಎಲುಬಲ್ಲ. ಒಂದರ ಮೇಲೊಂದು ಜೋಡಿಸಿದ 33 ಮಣಿಗಳ ಸಾಲು. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12 ಮತ್ತು ಸೊಂಟದಲ್ಲಿ 5 ಮಣಿಗಳಿವೆ. ಅವುಗಳ ಕೆಳಗಿನ 5 ಮಣಿಗಳು ಬೆಸೆದುಕೊಂಡು ಒಂದೇ ಮೂಳೆಯಾಗಿವೆ. ಕೊನೆಯ 4 ಸಣ್ಣ ಮಣಿಗಳು ಬಾಲದೆಲುಬನ್ನು ರಚಿಸುತ್ತವೆ. ಬಿಡಿಬಿಡಿಯಾಗಿರುವ ಮಣಿಗಳ ನಡುವೆ ಮೆತ್ತೆಯಂತಿರುವ ಬಿಲ್ಲೆಗಳಿವೆ. ಇವುಗಳನ್ನೇ ವೈದ್ಯರು ಡಿಸ್ಕ್ ಎಂದು ಕರೆಯುತ್ತಾರೆ. ನಾವು ಬಗ್ಗಿದಾಗ, ಭಾರ ಎತ್ತಿದಾಗ ಬೀಳುವ ಒತ್ತಡವನ್ನು ತಾಳಿಕೊಳ್ಳುವುದು ಈ ಬಿಲ್ಲೆಗಳ ಕೆಲಸ.

ಬಿಲ್ಲೆಯ ರಚನೆಯನ್ನು ಹೋಳಿಗೆಗೆ ಹೋಲಿಸಬಹುದು. ಹೊರಗೆ ಗಟ್ಟಿಯಾದ ಕಣಕ, ಒಳಗೆ ಮೆದುವಾದ ಹೂರಣ. ವಯಸ್ಸು, ಅತಿಭಾರ ಮುಂತಾದ ಕಾರಣಗಳಿಂದ ಹೊರಪದರವು ಬಿರುಕು ಬಿಟ್ಟರೆ ಒಳಗಿನ ಮೆದು ಪದಾರ್ಥವು ಹೊರಕ್ಕೆ ಚಾಚಿಕೊಂಡು ಪಕ್ಕದ ನರವನ್ನು ಒತ್ತುತ್ತದೆ. ಜನರು "ಡಿಸ್ಕ್ ಜಾರಿದೆ" ಎನ್ನುವುದು ಇದಕ್ಕೇ. ನಿಜವಾಗಿ ಬಿಲ್ಲೆಯು ಎಲ್ಲಿಗೂ ಜಾರಿರುವುದಿಲ್ಲ; ಅದರ ಹೂರಣ ಮಾತ್ರ ಹೊರಬಂದಿರುತ್ತದೆ. ಒತ್ತಡಕ್ಕೆ ಸಿಕ್ಕ ನರವು ಯಾವ ಭಾಗಕ್ಕೆ ಹೋಗುತ್ತದೆಯೋ ಆ ಭಾಗದಲ್ಲಿ ನೋವು, ಜೋಮು, ಬಲಹೀನತೆ ಕಾಣಿಸುತ್ತವೆ. ಸೊಂಟದಿಂದ ತೊಡೆಯ ಹಿಂಭಾಗಕ್ಕೂ, ಮೀನಖಂಡಕ್ಕೂ, ಪಾದಕ್ಕೂ ಮಿಂಚಿನಂತೆ ಇಳಿಯುವ ಸಯಾಟಿಕ ನೋವು ಬಹುತೇಕ ಹೀಗೆಯೇ ಉಂಟಾಗುತ್ತದೆ.

ಮಣಿಗಳ ಸಾಲಿನ ಮಧ್ಯದ ಕೊಳವೆಯಲ್ಲಿ ಮಿದುಳಿನಿಂದ ಇಳಿದು ಬರುವ ಬೆನ್ನುಹುರಿ ಇದೆ. ಇದು ಸೊಂಟದ ಮೊದಲನೆಯ ಅಥವಾ ಎರಡನೆಯ ಮಣಿಯ ಮಟ್ಟದಲ್ಲಿ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳು ಕುದುರೆಯ ಬಾಲದ ಕೂದಲುಗಳಂತೆ ಗೊಂಚಲಾಗಿ ಇಳಿಯುತ್ತವೆ. ಈ ಗೊಂಚಲಿನ ನರಗಳು ಕಾಲುಗಳಿಗೆ ಮಾತ್ರವಲ್ಲದೆ ಮೂತ್ರಕೋಶಕ್ಕೂ, ಗುದದ್ವಾರಕ್ಕೂ, ಜನನಾಂಗಗಳಿಗೂ ಹೋಗುತ್ತವೆ. ಈ ಒಂದು ಸಂಗತಿಯನ್ನು ದಂಪತಿಗಳು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಸ್ತಾಪ ಮತ್ತೆ ಬರುತ್ತದೆ.

ಅಂತರ್ದರ್ಶಕವೆಂದರೇನು?

ದೇಹದ ಒಳಭಾಗವನ್ನು ನೇರವಾಗಿ ನೋಡಲು ಉಪಯೋಗಿಸುವ, ದೀಪ ಮತ್ತು ಮಸೂರಗಳಿಂದ ಕೂಡಿದ ಸಣ್ಣ ನಳಿಕೆಗೆ ಅಂತರ್ದರ್ಶಕ ಅಥವಾ ಎಂಡೋಸ್ಕೋಪ್ ಎಂದು ಹೆಸರು. ಓದುಗರಲ್ಲಿ ಅನೇಕರಿಗೆ ಇದರ ಒಂದು ಬಗೆಯ ಪರಿಚಯ ಈಗಾಗಲೇ ಇದೆ. ಹೊಕ್ಕುಳಿನ ಬಳಿ ಸಣ್ಣ ರಂಧ್ರ ಮಾಡಿ ಮಹಿಳೆಯರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವಾಗ ಬಳಸುವ ಲ್ಯಾಪ್ರೋಸ್ಕೋಪ್ ಇದೇ ಜಾತಿಯ ಉಪಕರಣ. ಅದು ಹೊಟ್ಟೆಯ ಒಳಭಾಗವನ್ನು ತೋರಿಸುತ್ತದೆ. ಬೆನ್ನುಮೂಳೆಯ ಅಂತರ್ದರ್ಶಕವು ಮಣಿಗಳ ಸಂದಿಯನ್ನೂ ನರಗಳನ್ನೂ ತೋರಿಸುತ್ತದೆ. ತತ್ವ ಒಂದೇ, ಉಪಕರಣ, ಮಾರ್ಗ ಮತ್ತು ಉದ್ದೇಶ ಬೇರೆ ಬೇರೆ.

ದೇಹದೊಳಗೆ ಬೆಳಕು ಹಾಯಿಸಿ ನೋಡುವ ಪ್ರಯತ್ನ ಇನ್ನೂರು ವರ್ಷಗಳಷ್ಟು ಹಳೆಯದು. 19ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ವೈದ್ಯ ಫಿಲಿಪ್ ಬೊಝಿನಿ ಮೇಣದ ಬತ್ತಿಯ ಬೆಳಕನ್ನು ಕನ್ನಡಿಯ ಸಹಾಯದಿಂದ ದೇಹದ ದ್ವಾರಗಳೊಳಗೆ ಹಾಯಿಸುವ ಸಾಧನವನ್ನು ರಚಿಸಿದನು. 1879ರಲ್ಲಿ ಮ್ಯಾಕ್ಸಿಮಿಲಿಯನ್ ನಿಟ್ಸೆ ಎಂಬ ವೈದ್ಯನು ಮೂತ್ರಕೋಶವನ್ನು ನೋಡುವ ನಳಿಕೆಯನ್ನು ಬಳಕೆಗೆ ತಂದನು. ಬೆಳಕನ್ನೂ ಚಿತ್ರವನ್ನೂ ಕೂದಲಿನಂತಹ ಗಾಜಿನ ಎಳೆಗಳ ಮೂಲಕ ಸಾಗಿಸಬಹುದೆಂದು 1954ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಮತ್ತು ನರೀಂದರ್ ಸಿಂಗ್ ಕಪಾನಿ ತೋರಿಸಿಕೊಟ್ಟರು. ಇವರಲ್ಲಿ ಕಪಾನಿಯವರು ಪಂಜಾಬಿನ ಮೊಗಾದಲ್ಲಿ ಜನಿಸಿದ ಭಾರತೀಯರೆಂಬುದು ಹೆಮ್ಮೆಯ ವಿಷಯ.

ಬೆನ್ನುಮೂಳೆಯೊಳಗೆ ನೋಡುವ ಪ್ರಯತ್ನವನ್ನು ಅಮೆರಿಕದ ನ್ಯೂಯಾರ್ಕಿನ ಮೈಕೇಲ್ ಬರ್ಮನ್ 1931ರಲ್ಲಿ ಮೃತದೇಹಗಳಿಂದ ತೆಗೆದ ಬೆನ್ನುಮೂಳೆಗಳ ಮೇಲೆ ಮಾಡಿದರು. 1934ರಲ್ಲಿ ಬಾಸ್ಟನ್ ನಗರದ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು, ಹೊರಚಾಚಿದ ಬಿಲ್ಲೆಯು ನರವನ್ನು ಒತ್ತುವುದರಿಂದ ಕಾಲುನೋವು ಬರುತ್ತದೆಂದು ವಿವರಿಸಿದರು. ನ್ಯೂಯಾರ್ಕಿನವರೇ ಆದ ಲಾರೆನ್ಸ್ ಪೂಲ್ ಜೀವಂತ ರೋಗಿಗಳ ಬೆನ್ನುಕೊಳವೆಯೊಳಗೆ ನಳಿಕೆಯನ್ನು ಸೇರಿಸಿ ನರಗಳನ್ನು ವೀಕ್ಷಿಸಿ, 1942ರ ವೇಳೆಗೆ ಸುಮಾರು 400 ರೋಗಿಗಳ ವಿವರವನ್ನು ಪ್ರಕಟಿಸಿದರು. ಹೀಗೆ ಮೊದಲಿಗೆ ಅಂತರ್ದರ್ಶಕವು ನೋಡುವ ಸಾಧನ ಮಾತ್ರವಾಗಿತ್ತು. ಚಿಕಿತ್ಸೆಯ ಸಾಧನವಾದುದು ಆನಂತರ.

ರೋಗನಿದಾನದಲ್ಲಿ ಇದರ ಪಾತ್ರ

ಇಂದು ಬೆನ್ನುನೋವಿನ ಕಾರಣವನ್ನು ತಿಳಿಯಲು ಎಲ್ಲರಿಗೂ ನಳಿಕೆ ಹಾಕಿ ನೋಡಬೇಕಾಗಿಲ್ಲ. ವೈದ್ಯರು ಮೊದಲು ರೋಗಿಯ ಮಾತನ್ನು ಕೇಳುತ್ತಾರೆ. ಕಾಲನ್ನು ನೇರವಾಗಿ ಮೇಲೆತ್ತಿಸಿ ನೋಡುತ್ತಾರೆ. ಹೆಬ್ಬೆರಳಿನ ಬಲ, ಚರ್ಮದ ಸ್ಪರ್ಶಜ್ಞಾನ, ಮಂಡಿಯ ಮತ್ತು ಹಿಮ್ಮಡಿಯ ಪ್ರತಿಕ್ರಿಯೆಗಳನ್ನು ಪರೀಕ್ಷಿಸುತ್ತಾರೆ. ಇಷ್ಟರಿಂದಲೇ ಬಹಳಷ್ಟು ವಿಷಯ ತಿಳಿಯುತ್ತದೆ. ಅಗತ್ಯವಿದ್ದಲ್ಲಿ ಕ್ಷ-ಕಿರಣ ಚಿತ್ರ ಅಥವಾ ಎಂ.ಆರ್.ಐ. ಪರೀಕ್ಷೆ ಮಾಡಿಸುತ್ತಾರೆ. 1980ರ ದಶಕದಿಂದ ಬಳಕೆಗೆ ಬಂದ ಎಂ.ಆರ್.ಐ. ಯಂತ್ರವು ದೇಹಕ್ಕೆ ರಂಧ್ರ ಮಾಡದೆಯೇ ಬಿಲ್ಲೆ ಮತ್ತು ನರಗಳ ಚಿತ್ರವನ್ನು ಕೊಡುವುದರಿಂದ, ಕೇವಲ ನೋಡುವ ಸಲುವಾಗಿ ಅಂತರ್ದರ್ಶಕ ಹಾಕುವ ಸಂದರ್ಭಗಳು ಕಡಿಮೆಯಾಗಿವೆ.

ಆದರೂ ಚಿತ್ರದಿಂದ ನಿರ್ಧರಿಸಲಾಗದ ಸಂಗತಿಗಳಿರುತ್ತವೆ. ಮಣಿಯೊಂದು ಸವೆದುಹೋಗಿದ್ದರೆ ಅದು ಕ್ಷಯವೋ, ಬೇರೆ ಸೋಂಕೋ, ಗಂತಿಯೋ ಎಂಬುದನ್ನು ತಿಳಿಯಲು ಆ ಜಾಗದ ಸಣ್ಣ ತುಣುಕು ಬೇಕಾಗುತ್ತದೆ. ಸಾಮಾನ್ಯವಾಗಿ ಇದನ್ನು ಸೂಜಿಯ ಮೂಲಕ ತೆಗೆಯುತ್ತಾರೆ. ಸೂಜಿಯಿಂದ ಸಾಲದಾದಾಗ ಅಂತರ್ದರ್ಶಕದ ಮೂಲಕ ಜಾಗವನ್ನು ಕಣ್ಣಾರೆ ನೋಡಿ, ತುಣುಕು ತೆಗೆದು, ಕೀವಿದ್ದರೆ ತೊಳೆದು ಹೊರಹಾಕುವುದೂ ಸಾಧ್ಯ. ಎದೆಯ ಹಿಂಭಾಗದ ಮಣಿಗಳನ್ನು ಪಕ್ಕೆಲುಬುಗಳ ಸಂದಿನಿಂದ ನಳಿಕೆ ಸೇರಿಸಿ ತಲುಪುವ ವಿಧಾನವು 1990ರ ದಶಕದಲ್ಲಿ ಬಳಕೆಗೆ ಬಂದಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬೆನ್ನುಮೂಳೆಯ ಕ್ಷಯರೋಗದಲ್ಲಿ ಮುಖ್ಯ ಚಿಕಿತ್ಸೆ ಔಷಧಿಯೇ ಹೊರತು ಶಸ್ತ್ರಚಿಕಿತ್ಸೆಯಲ್ಲ. ರಾತ್ರಿಯೂ ಬಿಡದ ಬೆನ್ನುನೋವು, ಸಂಜೆಯ ಜ್ವರ, ತೂಕ ಇಳಿಯುವುದು, ಬೆನ್ನಿನಲ್ಲಿ ಗೂನು ಕಾಣಿಸುವುದು ಇದರ ಲಕ್ಷಣಗಳು. ಕ್ಷಯದ ಔಷಧಿಗಳನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡಲಾಗುತ್ತದೆ. ನೋವು ಕಡಿಮೆಯಾಯಿತೆಂದು ಮಧ್ಯದಲ್ಲಿ ನಿಲ್ಲಿಸದೆ ವೈದ್ಯರು ಹೇಳಿದಷ್ಟು ತಿಂಗಳು ಪೂರ್ಣವಾಗಿ ಸೇವಿಸಬೇಕು.

ಶಸ್ತ್ರಚಿಕಿತ್ಸೆಯನ್ನು ಹೇಗೆ ಮಾಡುತ್ತಾರೆ?

1973ರಲ್ಲಿ ಅಮೆರಿಕದ ಪರ್ವೀಜ್ ಕಾಂಬಿನ್ ಮತ್ತು 1975ರಲ್ಲಿ ಜಪಾನಿನ ಹಿಜಿಕಾಟ ಎಂಬ ತಜ್ಞರು ಬೆನ್ನನ್ನು ದೊಡ್ಡದಾಗಿ ಸೀಳದೆ ನಳಿಕೆಯ ಮೂಲಕ ಬಿಲ್ಲೆಯ ತುಣುಕನ್ನು ತೆಗೆಯುವ ಕ್ರಮಗಳನ್ನು ಆರಂಭಿಸಿದರು. ಆಗ ಕ್ಷ-ಕಿರಣದ ನೆರಳೇ ಅವರಿಗೆ ದಾರಿ ತೋರಿಸುತ್ತಿತ್ತು. ನರವು ಕಣ್ಣಿಗೆ ಕಾಣುತ್ತಿರಲಿಲ್ಲ. 1983ರಲ್ಲಿ ಫೋರ್ಸ್ಟ್ ಮತ್ತು ಹೌಸ್ಮನ್ ಎಂಬ ತಜ್ಞರು ಬಿಲ್ಲೆಯ ಒಳಭಾಗವನ್ನು ಅಂತರ್ದರ್ಶಕದಿಂದ ನೋಡಿದ ವಿವರವನ್ನು ಪ್ರಕಟಿಸಿದರು. ಆನಂತರದ ವರ್ಷಗಳಲ್ಲಿ ಉಪಕರಣಗಳು ಸುಧಾರಿಸಿ, ನೋಡುವುದೂ ತೆಗೆಯುವುದೂ ಒಂದೇ ನಳಿಕೆಯ ಮೂಲಕ ಸಾಧ್ಯವಾಯಿತು.

ಸೊಂಟದ ಬಿಲ್ಲೆಗೆ ಇಂದು ಮಾಡುವ ಚಿಕಿತ್ಸೆಯ ಸಾಮಾನ್ಯ ಕ್ರಮ ಹೀಗಿದೆ:

1. ರೋಗಿಯನ್ನು ಬೋರಲಾಗಿ ಅಥವಾ ಮಗ್ಗುಲಾಗಿ ಮಲಗಿಸಿ, ಚರ್ಮವನ್ನು ಶುದ್ಧಗೊಳಿಸಿ, ಆ ಜಾಗಕ್ಕೆ ಮಾತ್ರ ಅರಿವಳಿಕೆಯ ಚುಚ್ಚುಮದ್ದು ಕೊಡುತ್ತಾರೆ. ಕೆಲವು ಸಂದರ್ಭಗಳಲ್ಲಿ ಪೂರ್ಣ ಅರಿವಳಿಕೆಯೂ ಬೇಕಾಗಬಹುದು.

2. ಕ್ಷ-ಕಿರಣ ಯಂತ್ರದ ಪರದೆಯನ್ನು ನೋಡುತ್ತ ಸೂಜಿಯನ್ನು ಬಿಲ್ಲೆಯ ಸ್ಥಾನಕ್ಕೆ ತಲುಪಿಸುತ್ತಾರೆ. ನರಗಳ ನಡುವೆ ತ್ರಿಕೋನಾಕಾರದ ಸುರಕ್ಷಿತ ಸಂದಿಯೊಂದಿದೆ. ಅದನ್ನು ಗುರುತಿಸಿದ ತಜ್ಞರ ಹೆಸರಿನಿಂದ ಅದಕ್ಕೆ ಕಾಂಬಿನ್ ತ್ರಿಕೋನವೆನ್ನುತ್ತಾರೆ. ಪಕ್ಕದಿಂದ ಹೋಗುವ ವಿಧಾನದಲ್ಲಿ ಇದೇ ದಾರಿ.

3. ಸೂಜಿಯ ಜಾಗದಲ್ಲಿ ಸುಮಾರು 8 ಮಿಲಿಮೀಟರ್ ಅಗಲದ ಗಾಯ ಮಾಡಿ, ಸ್ನಾಯುಗಳನ್ನು ಕತ್ತರಿಸದೆ ಒಂದರ ಮೇಲೊಂದು ಕೊಳವೆಗಳನ್ನು ಸೇರಿಸಿ ದಾರಿಯನ್ನು ಹಿಗ್ಗಿಸುತ್ತಾರೆ. ಕೊನೆಯ ಕೊಳವೆಯೊಳಗೆ ಅಂತರ್ದರ್ಶಕವನ್ನು ಇಳಿಸುತ್ತಾರೆ.

4. ಶುದ್ಧ ಲವಣಜಲವನ್ನು ಸತತವಾಗಿ ಹಾಯಿಸಿ ರಕ್ತವನ್ನು ತೊಳೆಯುತ್ತಿದ್ದಂತೆ ಒಳಭಾಗವು ದೊಡ್ಡದಾಗಿ ಪರದೆಯ ಮೇಲೆ ಕಾಣಿಸುತ್ತದೆ. ನರವನ್ನು ಒತ್ತುತ್ತಿರುವ ತುಣುಕನ್ನು ಸಣ್ಣ ಚಿಮಟದಿಂದ ಹಿಡಿದು ತೆಗೆಯುತ್ತಾರೆ.

5. ಸ್ಥಳೀಯ ಅರಿವಳಿಕೆಯಲ್ಲಿ ರೋಗಿಗೆ ಎಚ್ಚರವಿರುವುದರಿಂದ, ನರಕ್ಕೆ ಉಪಕರಣ ತಗುಲಿದರೆ "ಕಾಲಿಗೆ ನೋವು ಹೊಡೆಯಿತು" ಎಂದು ಹೇಳಬಲ್ಲರು. ಅಲ್ಲಿಗೆ ವೈದ್ಯರು ಕೈ ಹಿಂದೆಗೆಯುತ್ತಾರೆ. ರೋಗಿಯ ಮಾತೇ ಇಲ್ಲಿ ಒಂದು ರಕ್ಷಣೆ.

6. ಒಂದೆರಡು ಹೊಲಿಗೆ ಹಾಕಿ ಪಟ್ಟಿ ಕಟ್ಟುತ್ತಾರೆ. ಬಹುಮಂದಿ ಅದೇ ದಿನ ಎದ್ದು ನಡೆದು, ಅಂದೇ ಅಥವಾ ಮರುದಿನ ಮನೆಗೆ ಮರಳುತ್ತಾರೆ.

ಪ್ರಯೋಜನಗಳು ಮತ್ತು ಮಿತಿಗಳು

ಗಾಯ ಸಣ್ಣದು, ಸ್ನಾಯುಗಳಿಗೆ ಪೆಟ್ಟು ಕಡಿಮೆ, ರಕ್ತಸ್ರಾವ ಅಲ್ಪ, ಆಸ್ಪತ್ರೆಯಲ್ಲಿರುವ ದಿನಗಳು ಕಡಿಮೆ. ದಿನಗೂಲಿಯನ್ನು ನಂಬಿದ ಕುಟುಂಬಕ್ಕೆ ಇವು ಸಣ್ಣ ಲಾಭಗಳಲ್ಲ. ಆದರೆ "ಸೀಳಿ ಮಾಡುವ ಶಸ್ತ್ರಚಿಕಿತ್ಸೆ ಹಳೆಯದು, ಕೆಟ್ಟದ್ದು" ಎಂದು ಭಾವಿಸುವುದು ತಪ್ಪು. ನೆದರ್ಲೆಂಡ್ಸ್ ದೇಶದಲ್ಲಿ 613 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವು ಎರಡೂ ವಿಧಾನಗಳನ್ನು ಹೋಲಿಸಿ, ಒಂದು ವರ್ಷದ ನಂತರ ಕಾಲುನೋವು ಶಮನವಾಗುವುದರಲ್ಲಿ ಅಂತರ್ದರ್ಶಕ ವಿಧಾನವು ತೆರೆದ ವಿಧಾನಕ್ಕಿಂತ ಕಡಿಮೆಯದಲ್ಲವೆಂದು ತೋರಿಸಿತು. ಅಂದರೆ ಕೈಪಳಗಿದ ವೈದ್ಯರಲ್ಲಿ ಎರಡೂ ಒಳ್ಳೆಯ ವಿಧಾನಗಳೇ. ಅಂತರ್ದರ್ಶಕವನ್ನು ಬಳಸಲು ದೀರ್ಘ ತರಬೇತಿ ಬೇಕು. ಆದ್ದರಿಂದ ಉಪಕರಣಕ್ಕಿಂತ ಅದನ್ನು ಹಿಡಿಯುವ ಕೈ ಮುಖ್ಯ.

ತೊಂದರೆಗಳೇ ಇಲ್ಲದ ಶಸ್ತ್ರಚಿಕಿತ್ಸೆ ಯಾವುದೂ ಇಲ್ಲ. ಕೆಲವರಲ್ಲಿ ನರದ ಹೊದಿಕೆಗೆ ಸಣ್ಣ ಬಿರುಕು, ಸೋಂಕು, ತುಣುಕು ಪೂರ್ಣವಾಗಿ ಬಾರದಿರುವುದು, ಅಪರೂಪವಾಗಿ ನರಕ್ಕೆ ಪೆಟ್ಟು ಇವು ಸಂಭವಿಸಬಹುದು. ಯಾವ ವಿಧಾನದಿಂದ ಮಾಡಿಸಿಕೊಂಡರೂ ಸುಮಾರು ನೂರರಲ್ಲಿ 5ರಿಂದ 10 ಮಂದಿಗೆ ಅದೇ ಬಿಲ್ಲೆಯ ಹೂರಣವು ಮತ್ತೆ ಹೊರಬರಬಹುದು. "ಕಾಲು ಬಿದ್ದುಹೋಗುತ್ತದೆ" ಎಂಬ ಭಯಕ್ಕೆ ಮಾತ್ರ ಆಧಾರ ಅತ್ಯಲ್ಪ. ಸೊಂಟದ ಕೆಳಭಾಗದ ಬಿಲ್ಲೆಗಳ ಬಳಿ ಬೆನ್ನುಹುರಿಯೇ ಇರುವುದಿಲ್ಲ. ಅದು ಮೇಲೆಯೇ ಮುಗಿದಿರುತ್ತದೆ.

ಯಾರಿಗೆ ಬೇಡ?

ನಮ್ಮ ಕೇಂದ್ರಕ್ಕೆ ಬರುವ ಹಳ್ಳಿಯೊಂದರ ರೈತನೊಬ್ಬನಿಗೆ ಮೂಟೆ ಎತ್ತುವಾಗ ಸೊಂಟ ಹಿಡಿದು ಬಲಗಾಲಿಗೆ ನೋವು ಇಳಿಯಿತು. ಹದಿನೈದು ದಿನಗಳೊಳಗೆ ಆತ ಎಂ.ಆರ್.ಐ. ಮಾಡಿಸಿ, ಜಾಹೀರಾತೊಂದನ್ನು ನೋಡಿ, ರಂಧ್ರದ ಚಿಕಿತ್ಸೆಗಾಗಿ ಒಂದು ಎಕರೆ ಅಡವಿಡಲು ನಿಶ್ಚಯಿಸಿದ್ದನು. ಆತನ ಪತ್ನಿ ಅವನನ್ನು ಕರೆದುಕೊಂಡು ಬಂದು, "ಪತ್ರಕ್ಕೆ ಸಹಿ ಹಾಕುವ ಮೊದಲು ನೀವೊಮ್ಮೆ ನೋಡಿರಿ" ಎಂದು ಕೇಳಿದಳು. ಪರೀಕ್ಷಿಸಿದಾಗ ಪಾದದ ಬಲ ಚೆನ್ನಾಗಿತ್ತು, ಮೂತ್ರದ ತೊಂದರೆಯಿರಲಿಲ್ಲ. ನೋವಿನ ಮಾತ್ರೆ, ಭಾರ ಎತ್ತದಿರುವುದು, ದಿನವೂ ಸ್ವಲ್ಪ ನಡೆಯುವುದು, ಅನಂತರ ಬೆನ್ನಿನ ವ್ಯಾಯಾಮ ಇವುಗಳನ್ನು ಸೂಚಿಸಲಾಯಿತು. ಎರಡು ತಿಂಗಳಲ್ಲಿ ನೋವು ಬಹುಮಟ್ಟಿಗೆ ಇಳಿಯಿತು. ಜಮೀನು ಅವರ ಕೈಯಲ್ಲೇ ಉಳಿಯಿತು.

ಇದು ಪವಾಡವಲ್ಲ. ಹೊರಬಂದ ಹೂರಣವು ಅನೇಕರಲ್ಲಿ ತಾನಾಗಿ ಕುಗ್ಗುತ್ತದೆ. ಹೆಚ್ಚಿನವರಿಗೆ 6ರಿಂದ 12 ವಾರಗಳಲ್ಲಿ ಕಾಲುನೋವು ಶಸ್ತ್ರಚಿಕಿತ್ಸೆಯಿಲ್ಲದೆಯೇ ಕಡಿಮೆಯಾಗುತ್ತದೆ. ನೋವೇ ಇಲ್ಲದವರ ಎಂ.ಆರ್.ಐ. ಚಿತ್ರದಲ್ಲೂ ಉಬ್ಬಿದ ಬಿಲ್ಲೆಗಳು ಕಾಣುವುದುಂಟು. ಆದ್ದರಿಂದ ಚಿತ್ರವನ್ನು ನೋಡಿ ಮಾತ್ರ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಾರದು. ಕಾಲಿಗಿಳಿಯದ ಬರೀ ಸೊಂಟನೋವಿಗೆ ಈ ಚಿಕಿತ್ಸೆಯಿಂದ ಸಾಮಾನ್ಯವಾಗಿ ಪ್ರಯೋಜನವಿಲ್ಲ. ವಾರಗಟ್ಟಲೆ ಹಾಸಿಗೆ ಹಿಡಿಯುವುದೂ ಒಳ್ಳೆಯದಲ್ಲ. ತಾಳಬಹುದಾದಷ್ಟು ಓಡಾಟವೇ ಹಿತ.

ಯಾರಿಗೆ ಬೇಕು?

ಯೋಗ್ಯ ಚಿಕಿತ್ಸೆ ಪಡೆದರೂ ಆರು ವಾರಗಳ ನಂತರ ಕಾಲುನೋವು ತೀವ್ರವಾಗಿಯೇ ಉಳಿದು, ಪರೀಕ್ಷೆಯಲ್ಲಿ ಕಂಡ ನರದ ತೊಂದರೆಯೂ ಚಿತ್ರದಲ್ಲಿ ಕಂಡ ಬಿಲ್ಲೆಯೂ ಒಂದಕ್ಕೊಂದು ಹೊಂದಿಕೆಯಾದಾಗ ತಜ್ಞರು ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತಾರೆ. ವಯಸ್ಸಾದವರಲ್ಲಿ ಬೆನ್ನುಕೊಳವೆ ಕಿರಿದಾಗಿ, ಸ್ವಲ್ಪ ದೂರ ನಡೆದೊಡನೆ ಕಾಲು ಸೋತು ಕುಳಿತುಕೊಳ್ಳಬೇಕಾಗುವ ರೋಗದಲ್ಲೂ ಕೆಲವರಿಗೆ ಈ ವಿಧಾನ ಉಪಯುಕ್ತ. ಕಾಲಿನ ಬಲ ದಿನೇ ದಿನೇ ಕುಗ್ಗುತ್ತಿದ್ದರೆ ಆರು ವಾರ ಕಾಯಲೇಬಾರದು.

ಈ ಲಕ್ಷಣಗಳಿದ್ದರೆ ಅಂದೇ ಆಸ್ಪತ್ರೆಗೆ

ಎರಡನೆಯ ಪ್ರಸಂಗವನ್ನು ಹೇಳಲು ನನಗೆ ಸಂಕೋಚವಿದೆ. ಆದರೆ ಹೇಳುವುದು ಕರ್ತವ್ಯ. ಎರಡು ಮಕ್ಕಳ ತಾಯಿಯೊಬ್ಬಳು ಮೂರು ತಿಂಗಳಿಂದ ಕಾಲುನೋವಿನಿಂದ ಬಳಲುತ್ತಿದ್ದಳು. ಆಕೆಗೆ ಎರಡು ಬಾರಿ ಮಾತ್ರೆ ಕೊಟ್ಟವನು ನಾನೇ. ಕಳೆ ಕೀಳುವ ಕಾಲದ ಒಂದು ದಿನ ನೋವು ಒಮ್ಮೆಲೇ ಹೆಚ್ಚಿ, ಎರಡೂ ಕಾಲುಗಳು ಜೋಮು ಹಿಡಿದವು. ಅಂದು ಸಂಜೆಯಿಂದ ಮೂತ್ರ ಸರಿಯಾಗಿ ಹೋಗಲಿಲ್ಲ. ತೊಡೆಗಳ ಸಂದಿಯಲ್ಲಿ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ನಾಚಿಕೆಯಿಂದ ಆಕೆ ಯಾರಿಗೂ ಹೇಳಲಿಲ್ಲ. ಗಂಡ ಕೇಳಲಿಲ್ಲ. ಮೂರನೆಯ ದಿನ ಕೆಳಹೊಟ್ಟೆ ಉಬ್ಬಿದ್ದನ್ನು ಕಂಡು ಆಶಾ ಕಾರ್ಯಕರ್ತೆ ಕರೆತಂದಳು. ಮೂತ್ರನಾಳಕ್ಕೆ ಕೊಳವೆ ಹಾಕಿ, 108 ವಾಹನದಲ್ಲಿ ದೊಡ್ಡ ಆಸ್ಪತ್ರೆಗೆ ಕಳುಹಿಸಲಾಯಿತು. ಅದೇ ರಾತ್ರಿ ಶಸ್ತ್ರಚಿಕಿತ್ಸೆ ನಡೆಯಿತು. ಕಾಲುನೋವು ಹೋಯಿತು, ಆಕೆ ನಡೆಯುತ್ತಾಳೆ. ಮೂತ್ರದ ಹಿಡಿತ ಮಾತ್ರ ಪೂರ್ಣವಾಗಿ ಮರಳಿಲ್ಲ. ಇಂದಿಗೂ ದಿನಕ್ಕೆ ಕೆಲವು ಬಾರಿ ಕೊಳವೆಯ ಸಹಾಯ ಬೇಕು.

"ಮೊದಲ ದಿನವೇ ಹೇಳಬಹುದಾಗಿತ್ತಲ್ಲ" ಎಂದು ಬಂಧುಗಳು ಆಕೆಯನ್ನು ಆಕ್ಷೇಪಿಸಿದಾಗ, ಗಂಡನು "ಕೇಳಬೇಕಾಗಿದ್ದವನು ನಾನು" ಎಂದನು. ನಾನೂ ಅದನ್ನೇ ಅಂದುಕೊಂಡೆ. ಮಾತ್ರೆ ಕೊಡುವಾಗ ಈ ಲಕ್ಷಣಗಳನ್ನು ನಾನು ಮುಂಚಿತವಾಗಿ ಆಕೆಗೆ ತಿಳಿಸಿರಲಿಲ್ಲ. ಇಂದು ಕಾಲುನೋವಿನಿಂದ ಬರುವ ಪ್ರತಿಯೊಬ್ಬರಿಗೂ, ಜೊತೆಗೆ ಬಂದವರಿಗೂ ತಿಳಿಸುತ್ತೇನೆ. ಆ ಲಕ್ಷಣಗಳು ಇವು:

1. ಮೂತ್ರ ಕಟ್ಟುವುದು, ಅಥವಾ ಅರಿವಿಲ್ಲದೆ ಹೋಗುವುದು.
2. ಮಲದ ಹಿಡಿತ ತಪ್ಪುವುದು.
3. ಗುದದ್ವಾರ, ಜನನಾಂಗ ಮತ್ತು ಒಳತೊಡೆಗಳಲ್ಲಿ ಸ್ಪರ್ಶ ತಿಳಿಯದಿರುವುದು.
4. ಎರಡೂ ಕಾಲುಗಳಲ್ಲಿ ನೋವು, ಜೋಮು ಅಥವಾ ಬಲಹೀನತೆ.
5. ದಾಂಪತ್ಯ ಸಂಬಂಧದಲ್ಲಿ ಇದ್ದಕ್ಕಿದ್ದಂತೆ ಸಂವೇದನೆ ಅಥವಾ ಸಾಮರ್ಥ್ಯ ಕುಂದುವುದು.

ಕುದುರೆಬಾಲದಂತಹ ನರಗಳ ಗೊಂಚಲು ಒತ್ತಡಕ್ಕೆ ಸಿಕ್ಕಾಗ ಹೀಗಾಗುತ್ತದೆ. ಆಗ ಎಷ್ಟು ಬೇಗ ಒತ್ತಡವನ್ನು ತೆಗೆಯಲಾಗುವುದೋ ಅಷ್ಟು ಒಳ್ಳೆಯದು. ದಿನಗಳಲ್ಲ, ಗಂಟೆಗಳನ್ನು ಎಣಿಸಬೇಕು. ಇಂತಹ ಸಮಯದಲ್ಲಿ ಅಂತರ್ದರ್ಶಕವೋ ತೆರೆದ ಶಸ್ತ್ರಚಿಕಿತ್ಸೆಯೋ ಎಂಬ ಚರ್ಚೆ ಬೇಡ; ಅದನ್ನು ತಜ್ಞರಿಗೆ ಬಿಡಿರಿ. ಈ ಲಕ್ಷಣಗಳನ್ನು ಯಾವ ಯಂತ್ರವೂ ಮನೆಗೆ ಬಂದು ಕಂಡುಹಿಡಿಯಲಾರದು. ಅವುಗಳನ್ನು ಮೊದಲು ಅರಿಯುವವರು ರೋಗಿ ಮತ್ತು ಆತನ ಅಥವಾ ಆಕೆಯ ಬಾಳಸಂಗಾತಿ. ನಾಚಿಕೆಯನ್ನು ಬದಿಗಿಟ್ಟು ಹೇಳುವುದೂ, ಬೇಸರವಿಲ್ಲದೆ ಕೇಳುವುದೂ ದಂಪತಿಗಳ ಧರ್ಮ.

ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಬೆನ್ನುನೋವು

"ಆಪರೇಷನ್ ಆದಂದಿನಿಂದ ಬೆನ್ನುನೋವು" ಎಂದು ಅನೇಕ ತಾಯಂದಿರು ದೂರುತ್ತಾರೆ. ಅವರ ನೋವು ನಿಜ. ಕಾರಣ ಮಾತ್ರ ಬೇರೆ. ಲ್ಯಾಪ್ರೋಸ್ಕೋಪ್ ಮೂಲಕ ಮಾಡುವ ಸಂತಾನಹರಣದಲ್ಲಿ ಹೊಟ್ಟೆಯೊಳಗಿನ ಅಂಡನಾಳಗಳನ್ನು ಮಾತ್ರ ಬಿಗಿಯುತ್ತಾರೆ. ಬೆನ್ನುಮೂಳೆಯನ್ನು ಮುಟ್ಟುವುದೇ ಇಲ್ಲ. ಹೆರಿಗೆಯ ವೇಳೆ ಬೆನ್ನಿಗೆ ಕೊಡುವ ಅರಿವಳಿಕೆಯ ಚುಚ್ಚುಮದ್ದಿನಿಂದಲೂ ಆ ಜಾಗದಲ್ಲಿ ಕೆಲವು ದಿನ ನೋವಿರಬಹುದೇ ಹೊರತು ವರ್ಷಗಟ್ಟಲೆಯ ಬೆನ್ನುನೋವು ಬರುವುದಿಲ್ಲ. ಗರ್ಭಧಾರಣೆಯಲ್ಲಿ ಸಡಿಲಗೊಂಡ ಸ್ನಾಯುಗಳು, ಮಗುವನ್ನೂ ನೀರಿನ ಕೊಡವನ್ನೂ ಎತ್ತುವುದು, ವಿಶ್ರಾಂತಿಯಿಲ್ಲದ ದುಡಿಮೆ, ರಕ್ತಹೀನತೆಯ ಆಯಾಸ ಇವು ಜೊತೆಗೂಡಿರುತ್ತವೆ. ಆದ್ದರಿಂದ "ಆಪರೇಷನ್ನಿನ ನೋವು" ಎಂದು ತಳ್ಳಿಹಾಕದೆ ಪರೀಕ್ಷೆ ಮಾಡಿಸಬೇಕು. ಎರಡು ಹೆರಿಗೆಗಳ ನಡುವೆ ಸಾಕಷ್ಟು ಅಂತರವಿದ್ದರೆ ತಾಯಿಯ ದೇಹ ಚೇತರಿಸಿಕೊಳ್ಳಲು ಅವಕಾಶವಾಗುತ್ತದೆ.

ಚಿಕಿತ್ಸೆಗೆ ಮುನ್ನ ಮತ್ತು ಅನಂತರ

ಮುಟ್ಟು ತಪ್ಪಿದ್ದರೆ ಅಥವಾ ಗರ್ಭದ ಸಂಶಯವಿದ್ದರೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಈ ಚಿಕಿತ್ಸೆಯಲ್ಲಿ ಕ್ಷ-ಕಿರಣಗಳ ಬಳಕೆಯಿದೆ. ಕಾಪರ್-ಟಿ ವಂಕಿ ಧರಿಸಿದವರು ಎಂ.ಆರ್.ಐ. ಪರೀಕ್ಷೆಗೆ ಮುನ್ನ ಅದನ್ನು ಹೇಳಬೇಕು. ಸಾಮಾನ್ಯವಾಗಿ ಅದನ್ನು ತೆಗೆಸಬೇಕಾಗುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ರಕ್ತ ತೆಳುವಾಗಿಸುವ ಮಾತ್ರೆಗಳ ವಿಷಯವನ್ನು ಮುಚ್ಚಿಡಬಾರದು. ಬೀಡಿ ಮತ್ತು ತಂಬಾಕನ್ನು ಬಿಡಬೇಕು; ಅವು ಗಾಯ ಮಾಯುವುದಕ್ಕೂ ಬಿಲ್ಲೆಯ ಆರೋಗ್ಯಕ್ಕೂ ಶತ್ರುಗಳು.

ಶಸ್ತ್ರಚಿಕಿತ್ಸೆಯ ನಂತರ ಗಾಯ ಸಣ್ಣದೆಂದು ಮೂರನೆಯ ದಿನವೇ ಕೊಡ ಹೊರುವುದು ಸಲ್ಲದು. ಹೊರಗಿನ ಗಾಯ ಬೇಗ ಮಾಯ್ದರೂ ಬಿಲ್ಲೆಯ ಬಿರುಕು ಕೂಡಿಕೊಳ್ಳಲು ವಾರಗಳು ಬೇಕು. ಮೊದಲ ವಾರಗಳಲ್ಲಿ ಬಗ್ಗುವ, ಸೊಂಟ ತಿರುಚುವ, ಭಾರ ಎತ್ತುವ ಕೆಲಸ ಬೇಡ. ಸಮತಟ್ಟಾದ ಜಾಗದಲ್ಲಿ ನಡೆಯುವುದು ಒಳ್ಳೆಯದು. ಹೊಲದ ಕೆಲಸವನ್ನೂ ದಾಂಪತ್ಯ ಸಂಬಂಧವನ್ನೂ ಯಾವಾಗ ಆರಂಭಿಸಬಹುದೆಂದು ಇಬ್ಬರೂ ಜೊತೆಯಾಗಿ ವೈದ್ಯರನ್ನು ಕೇಳಬೇಕು. ಅಲ್ಲಿಯವರೆಗೆ ಪತ್ನಿಗೆ ಚಿಕಿತ್ಸೆಯಾಗಿದ್ದರೆ ನೀರು, ಸೌದೆ, ದನದ ಕೊಟ್ಟಿಗೆಯ ಕೆಲಸವನ್ನು ಪತಿಯು ವಹಿಸಿಕೊಳ್ಳುವುದು ಉಪಕಾರವಲ್ಲ, ಚಿಕಿತ್ಸೆಯ ಒಂದು ಭಾಗ. ಜ್ವರ, ಗಾಯದಿಂದ ಕೀವು ಅಥವಾ ತಿಳಿನೀರು ಬರುವುದು, ಕಾಲಿನ ಬಲ ಕುಗ್ಗುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಎಲ್ಲಿಗೆ ಹೋಗಬೇಕು?

ಅಂತರ್ದರ್ಶಕದ ಸೌಲಭ್ಯ ಎಲ್ಲ ಆಸ್ಪತ್ರೆಗಳಲ್ಲೂ ಇರುವುದಿಲ್ಲ. ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿರಿ. ಅಗತ್ಯವಿದ್ದರೆ ಅಲ್ಲಿಂದ ಜಿಲ್ಲಾ ಅಥವಾ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಶಿಫಾರಸು ಪತ್ರ ಕೊಡುತ್ತಾರೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡನ್ನು ಜೊತೆಗೆ ಒಯ್ಯಿರಿ. ನಿಮಗೆ ಸೂಚಿಸಿದ ಚಿಕಿತ್ಸೆ ಯಾವ ಆಸ್ಪತ್ರೆಯಲ್ಲಿ ಅದರ ವ್ಯಾಪ್ತಿಗೆ ಬರುತ್ತದೆಂದು ವಿಚಾರಿಸದೆ ಹಣ ಕಟ್ಟಬೇಡಿರಿ. ತಜ್ಞರನ್ನು ಮೂರು ಪ್ರಶ್ನೆ ಕೇಳಲು ಹಿಂಜರಿಯಬೇಡಿರಿ: ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ ಏನಾಗುತ್ತದೆ? ಇನ್ನಷ್ಟು ದಿನ ಕಾಯಬಹುದೇ? ಈ ವಿಧಾನವೇ ನನಗೆ ಏಕೆ?

ಎಂಟು ಮಿಲಿಮೀಟರಿನ ರಂಧ್ರದಿಂದ ನರವನ್ನು ಕಾಣುವಷ್ಟು ವೈದ್ಯವಿಜ್ಞಾನ ಮುಂದುವರಿದಿದೆ. ಅದರ ಫಲವು ಹೆದರಿ ಕಾದವರಿಗೂ ಸಿಗದು, ಆತುರಪಟ್ಟವರಿಗೂ ಸಿಗದು. ಈ ಪುಸ್ತಿಕೆಯನ್ನು ಮುಚ್ಚಿಡುವ ಮುನ್ನ, ಮೇಲೆ ಹೇಳಿದ ಐದು ಲಕ್ಷಣಗಳನ್ನು ಪತಿಪತ್ನಿಯರು ಒಬ್ಬರಿಗೊಬ್ಬರು ಓದಿ ಹೇಳಿರಿ. ಮನೆಯಲ್ಲಿ ಯಾರಿಗಾದರೂ ಬೆನ್ನು ಅಥವಾ ಕಾಲುನೋವಿದ್ದರೆ, ಇಂದು ಸಂಜೆಯೇ ಅವರನ್ನು ಕೇಳಿರಿ.